ದುಡಿಯುವ ಕೈ ಹೋದ ಮನೆಗೆ ನೆರವು: ಅಮೆರಿಕದ ಒಂದು ಸಹೋದರ ಸಂಘದ ವೃತ್ತಾಂತ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ದನಗಳ ರೋಗ ಮೊದಲಾದ ವಿಷಯಗಳನ್ನು ಓದುತ್ತೀರಿ. ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ. ಬೆಳೆ ಕೆಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಎತ್ತು ಸತ್ತರೆ ಸಾಲ ಮಾಡಿಯಾದರೂ ಇನ್ನೊಂದನ್ನು ತರಬಹುದು. ಆದರೆ ಸಂಸಾರವನ್ನು ಹೊತ್ತ ಮನುಷ್ಯನೇ ಅಕಾಲದಲ್ಲಿ ತೀರಿಕೊಂಡರೆ ಹೆಂಡತಿ ಮಕ್ಕಳ ಗತಿ ಏನು? ಹದಿಮೂರು ದಿನ ನೆಂಟರು ಇರುತ್ತಾರೆ. ಹದಿನಾಲ್ಕನೆಯ ದಿನ ಒಲೆ ಹೊತ್ತಿಸಬೇಕಾದವಳು ಆ ಹೆಣ್ಣುಮಗಳು ಒಬ್ಬಳೇ.

ಇದು ಒಂದು ಊರಿನ, ಒಂದು ದೇಶದ ಪ್ರಶ್ನೆಯಲ್ಲ. ನೂರನಲವತ್ತು ವರ್ಷಗಳಿಗೂ ಹಿಂದೆ ಅಮೆರಿಕದ ಒಂದು ಪಟ್ಟಣದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಕೆಥೊಲಿಕ್ ಕ್ರೈಸ್ತರು ಇದೇ ಪ್ರಶ್ನೆಗೆ ತಮ್ಮದೇ ಆದ ಉತ್ತರವನ್ನು ಹುಡುಕಿದರು. ಅವರು ಕಟ್ಟಿದ ಸಂಘದ ಹೆಸರು 'ನೈಟ್ಸ್ ಆಫ್ ಕೊಲಂಬಸ್', ಅಂದರೆ ಕೊಲಂಬಸನ ಹೆಸರಿನ ವೀರರ ಸಂಘ. ಒಂದು ಚರ್ಚಿನಲ್ಲಿ ಸೇರಿದ ಕೆಲವೇ ಜನರಿಂದ ಆರಂಭವಾದ ಅದು ಇಂದು ಸುಮಾರು 20 ಲಕ್ಷ ಸದಸ್ಯರ ಸಂಘವಾಗಿದೆ. ಅದು ಹೇಗೆ ಬೆಳೆಯಿತು, ಏನೇನು ಮಾಡಿತು, ಎಲ್ಲಿ ಎಡವಿತು ಎಂಬುದನ್ನು ತಿಳಿದರೆ ಸಂಘ ಕಟ್ಟುವ ನಮಗೆಲ್ಲ ಉಪಯೋಗವುಂಟು.

ಅಂಗಮಾರಿ ರೋಗ ಊರು ಬಿಡಿಸಿತು

ನಮ್ಮ ಹಾಸನ, ಚಿಕ್ಕಬಳ್ಳಾಪುರದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿ ರೋಗದ ಪರಿಚಯ ಚೆನ್ನಾಗಿದೆ. ಮೋಡ ಮುಚ್ಚಿ, ತುಂತುರು ಹಿಡಿದು, ಹವೆ ತಂಪಾದರೆ ಎಲೆಯ ಮೇಲೆ ಕಂದು ಮಚ್ಚೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಸುಟ್ಟಂತಾಗಿ, ನೆಲದೊಳಗಿನ ಗೆಡ್ಡೆಯೂ ಕೊಳೆಯುತ್ತದೆ. ಇದೇ ರೋಗ 1845ರಲ್ಲಿ ಯೂರೋಪಿನ ಐರ್ಲೆಂಡ್ ದೇಶಕ್ಕೆ ತಗುಲಿತು. ಅಲ್ಲಿನ ಬಡ ರೈತರು ಗೇಣಿಯ ತುಂಡು ನೆಲದಲ್ಲಿ ಆಲೂಗಡ್ಡೆಯೊಂದನ್ನೇ ಬೆಳೆದು, ಅದನ್ನೇ ತಿಂದು ಬದುಕುತ್ತಿದ್ದರು. ಬೇರೆ ಬೆಳೆ ಇರಲಿಲ್ಲ, ರೋಗಕ್ಕೆ ಔಷಧವೂ ಗೊತ್ತಿರಲಿಲ್ಲ. ಮುಂದಿನ ಕೆಲವು ವರ್ಷಗಳ ಬರದಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನ ದೇಶ ಬಿಟ್ಟು ಹೋದರು. ಅವರಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕ ಸೇರಿದರು.

ಅಮೆರಿಕದಲ್ಲಿ ಅವರಿಗೆ ಸಿಕ್ಕಿದ್ದು ನೆಲವಲ್ಲ, ಕಾರ್ಖಾನೆಯ ಕೂಲಿ. ಕಬ್ಬಿಣ ಎರಕ ಹೊಯ್ಯುವುದು, ರೈಲು ಹಾದಿ ಹಾಕುವುದು, ಗಿರಣಿಯಲ್ಲಿ ದುಡಿಯುವುದು. ಕೆಲಸ ಅಪಾಯದ್ದು, ವಾಸದ ಮನೆಗಳು ಇಕ್ಕಟ್ಟಿನವು. ಗಂಡಸರು ಚಿಕ್ಕ ಪ್ರಾಯದಲ್ಲೇ ತೀರಿಕೊಳ್ಳುವುದು ಸಾಮಾನ್ಯವಾಗಿತ್ತು. ಸಾಲದ್ದಕ್ಕೆ ಆ ದೇಶದಲ್ಲಿ ಪ್ರಾಟೆಸ್ಟಂಟರೇ ಹೆಚ್ಚು. ಕೆಥೊಲಿಕರೆಂದರೆ ರೋಮಿನ ಪೋಪರಿಗೆ ನಿಷ್ಠರಾದವರು, ಈ ದೇಶಕ್ಕೆ ನಿಷ್ಠರಲ್ಲ ಎಂಬ ಸಂಶಯ ಬಹಳ ಜನರಲ್ಲಿತ್ತು.

ಆಗ ಸರ್ಕಾರದ ನೆರವು ಏನೂ ಇರಲಿಲ್ಲ. ನಾವು ಹೇಳುತ್ತಿರುವ ಪಟ್ಟಣ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ ಕೆಲಸಗಾರರ ಪರಿಹಾರದ ಕಾನೂನು ಬಂದದ್ದು 1913ರಲ್ಲಿ. ಇಡೀ ಅಮೆರಿಕಕ್ಕೆ ಸಾಮಾಜಿಕ ಭದ್ರತೆಯ ಕಾಯಿದೆ ಬಂದದ್ದು 1935ರಲ್ಲಿ. ಸತ್ತ ಕೆಲಸಗಾರನ ಹೆಂಡತಿ ಮಕ್ಕಳಿಗೂ ಅದರಲ್ಲಿ ಪಾಲು ಸೇರಿದ್ದು 1939ರಲ್ಲಿ. ಅದಕ್ಕೆ ಹಿಂದಿನ ಕಾಲದಲ್ಲಿ ಬಡವನಿಗೆ ದಿಕ್ಕು ಎಂದರೆ ಅವನಂಥ ಇನ್ನೊಬ್ಬ ಬಡವನೇ.

ಸಂಘ ಹುಟ್ಟಿದ ಬಗೆ

ಇಂಥ ಐರಿಷ್ ಕೂಲಿಗಾರನೊಬ್ಬನ ಮನೆಯಲ್ಲಿ 1852ನೆಯ ಆಗಸ್ಟ್ 12ರಂದು ಮೈಕೇಲ್ ಮೆಕ್‌ಗಿವ್ನಿ ಎಂಬವರು ಹುಟ್ಟಿದರು. ಊರು ಕನೆಕ್ಟಿಕಟ್ಟಿನ ವಾಟರ್‌ಬರಿ. ತಂದೆ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡುತ್ತಿದ್ದರು. ಹುಟ್ಟಿದ ಹದಿಮೂರು ಮಕ್ಕಳಲ್ಲಿ ಆರು ಮಕ್ಕಳು ಎಳೆತನದಲ್ಲೇ ತೀರಿಕೊಂಡವು. ಮೆಕ್‌ಗಿವ್ನಿ ಎಲ್ಲರಿಗೂ ಹಿರಿಯರು. ಪಾದ್ರಿಯಾಗಬೇಕೆಂದು ಓದುತ್ತಿದ್ದಾಗ 1873ರಲ್ಲಿ ತಂದೆ ಸತ್ತರು. ಓದು ನಿಲ್ಲಿಸಿ ಮನೆಗೆ ಬರಬೇಕಾಯಿತು. ಬಿಷಪರ ನೆರವಿನಿಂದ ಮತ್ತೆ ಓದು ಸಾಗಿ, 1877ರ ಡಿಸೆಂಬರಿನಲ್ಲಿ ಪಾದ್ರಿಯಾಗಿ, ನ್ಯೂ ಹೇವನ್ ಪಟ್ಟಣದ ಸೇಂಟ್ ಮೇರಿ ಚರ್ಚಿಗೆ ಬಂದರು. ಯಜಮಾನ ಹೋದ ಮನೆಯ ಕಷ್ಟ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಅಂದಿನ ವ್ಯವಸ್ಥೆಯಲ್ಲಿ ತಂದೆ ಸತ್ತು ಮನೆ ದಿವಾಳಿಯಾದರೆ ವಿಷಯ ನ್ಯಾಯಾಲಯದ ಮುಂದೆ ಹೋಗುತ್ತಿತ್ತು. ಮಕ್ಕಳನ್ನು ಸಾಕುವ ಶಕ್ತಿ ಮನೆಗೆ ಉಂಟೆಂದು ತೋರಿಸಬೇಕಾಗಿತ್ತು. ಜಾಮೀನು ಕೊಡುವವರು ಬೇಕಾಗಿತ್ತು. ಇಲ್ಲವಾದರೆ ಮಕ್ಕಳು ತಾಯಿಯಿಂದ ಬೇರೆಯಾಗಿ ಬೇರೆ ಕಡೆ ಸೇರಬೇಕಾಗುತ್ತಿತ್ತು. 1882ರ ಫೆಬ್ರವರಿಯಲ್ಲಿ ನ್ಯೂ ಹೇವನ್ನಿನ ಡೌನ್ಸ್ ಎಂಬ ಮನೆತನಕ್ಕೆ ಈ ಗತಿ ಬಂದಾಗ, ಆಲ್ಫ್ರೆಡ್ ಎಂಬ ಹುಡುಗನಿಗೆ ಪೋಷಕರಾಗಿ ನಿಂತವರು ಮೆಕ್‌ಗಿವ್ನಿಯವರೇ.

ಆದರೆ ಒಬ್ಬ ಪಾದ್ರಿ ಎಷ್ಟು ಮಕ್ಕಳಿಗೆ ಪೋಷಕನಾಗಬಲ್ಲ? ಒಬ್ಬರ ಧರ್ಮಬುದ್ಧಿಯಿಂದ ಒಂದು ಮನೆ ಉಳಿಯಬಹುದು. ಊರಿನ ಎಲ್ಲ ಮನೆಗಳೂ ಉಳಿಯಬೇಕಾದರೆ ಒಂದು ಏರ್ಪಾಡು ಬೇಕು. ಇದನ್ನು ಅರಿತು ಅವರು ಚರ್ಚಿನ ಗಂಡಸರನ್ನು ಸೇರಿಸಿ ಅದೇ ತಿಂಗಳು ಸಂಘವನ್ನು ಸ್ಥಾಪಿಸಿದರು. 1882ರ ಮಾರ್ಚ್ 29ರಂದು ರಾಜ್ಯದ ಶಾಸನಸಭೆಯಿಂದ ಅದಕ್ಕೆ ಸನ್ನದು ದೊರೆಯಿತು. ಅಮೆರಿಕದವರೆಲ್ಲ ಗೌರವಿಸುತ್ತಿದ್ದ ಕೊಲಂಬಸನೂ ಕೆಥೊಲಿಕನೇ ಆಗಿದ್ದನಾದ್ದರಿಂದ ಅವನ ಹೆಸರನ್ನು ಇಟ್ಟರು. ನಾವೂ ಈ ದೇಶದವರೇ ಎಂದು ಹೇಳುವ ಬಗೆ ಅದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಂಘ ಕಟ್ಟಿದ ಮೆಕ್‌ಗಿವ್ನಿಯವರು ಅಧ್ಯಕ್ಷ ಪದವಿಯಲ್ಲಿ ಕೂಡಲಿಲ್ಲ. ಸದಸ್ಯರೇ ನಡೆಸತಕ್ಕ ಸಂಘವಿದು ಎಂದು ಹೇಳಿ, ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದ ಜೇಮ್ಸ್ ಮುಲ್ಲನ್ ಎಂಬವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ತಾವು ಕಾರ್ಯದರ್ಶಿಯ ಕೆಲಸವನ್ನು ವಹಿಸಿಕೊಂಡು ಪತ್ರ ಬರೆಯುವುದು, ಲೆಕ್ಕ ಇಡುವುದು, ಊರೂರಿಗೆ ತಿಳಿಸುವುದು ಇವನ್ನು ಮಾಡಿದರು. 1890ರ ಆಗಸ್ಟ್ 14ರಂದು, 38 ವರ್ಷ ತುಂಬಿ ಎರಡೇ ದಿನಕ್ಕೆ, ನ್ಯುಮೋನಿಯಾದಿಂದ ತೀರಿಕೊಂಡರು. ಅವರು ಹೋದರೂ ಸಂಘ ನಿಲ್ಲಲಿಲ್ಲ. 2020ರಲ್ಲಿ ಕೆಥೊಲಿಕ್ ಧರ್ಮಸಭೆಯು ಅವರನ್ನು 'ಧನ್ಯ'ರೆಂದು ಘೋಷಿಸಿತು.

ಒಂದು ಡಾಲರಿನ ಲೆಕ್ಕ

ನಮ್ಮಲ್ಲಿ ಮುಯ್ಯಾಳು ಪದ್ಧತಿ ಎಲ್ಲರಿಗೂ ಗೊತ್ತು. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀನು ಬರುವೆ. ಕೂಲಿಯ ಮಾತಿಲ್ಲ. ಆ ಸಂಘದ ಮೊದಲ ಏರ್ಪಾಡು ಇದೇ ಬಗೆಯದು. ಸದಸ್ಯನೊಬ್ಬ ಸತ್ತರೆ ಉಳಿದ ಪ್ರತಿಯೊಬ್ಬನೂ ಒಂದೊಂದು ಡಾಲರ್ ಕೊಡಬೇಕು. ಹೀಗೆ ಕೂಡಿದ ಹಣದಿಂದ ಅವನ ಹೆಂಡತಿಗೆ 1,000 ಡಾಲರ್ ಸಲ್ಲಬೇಕು. ಸದಸ್ಯರ ಸಂಖ್ಯೆ ಸಾವಿರವನ್ನು ಮೀರಿದರೆ ಒಬ್ಬೊಬ್ಬನ ಪಾಲು ಆ ಪ್ರಮಾಣದಲ್ಲಿ ಇಳಿಯುತ್ತದೆ. ಎರಡು ಸಾವಿರ ಜನ ಇದ್ದರೆ ಅರ್ಧ ಡಾಲರ್ ಸಾಕು. ಅಂದಿನ ಕಾರ್ಖಾನೆಯ ಕೆಲಸಗಾರನಿಗೆ ಸಾವಿರ ಡಾಲರ್ ಎಂದರೆ ಎರಡು ವರ್ಷದ ದುಡಿಮೆಗೂ ಮೀರಿದ ಹಣ. ವಿಧವೆಯು ಆ ಹಣವನ್ನು ಭಿಕ್ಷೆಯೆಂದು ಪಡೆಯುತ್ತಿರಲಿಲ್ಲ. ಗಂಡ ತನ್ನ ಪಾಲನ್ನು ಸಲ್ಲಿಸಿದ್ದನಾದ್ದರಿಂದ ಹಕ್ಕಿನಿಂದ ಪಡೆಯುತ್ತಿದ್ದಳು.

ಕಾಯಿಲೆ ಬಿದ್ದು ದುಡಿಯಲಾರದವನಿಗೂ ನೆರವಿತ್ತು. ವಾರಕ್ಕೆ 5 ಡಾಲರಿನವರೆಗೆ, 13 ವಾರಗಳ ತನಕ ಪಡೆಯಬಹುದಾಗಿತ್ತು. ಆ ಮೇಲೂ ಕಾಯಿಲೆ ವಾಸಿಯಾಗದಿದ್ದರೆ ಎಷ್ಟು ಕೊಡಬೇಕೆಂಬುದನ್ನು ಅವನ ಊರಿನ ಶಾಖೆಯೇ ತೀರ್ಮಾನಿಸುತ್ತಿತ್ತು. ನಿಜವಾದ ಕಾಯಿಲೆಯೋ ನೆವವೋ ಎಂಬುದು ಊರಿನವರಿಗೆ ತಿಳಿಯುವಷ್ಟು ದೂರದವರಿಗೆ ತಿಳಿಯದಷ್ಟೆ.

ಇಲ್ಲಿ ಹಿರಿಯರೊಬ್ಬರು ಕೇಳಬಹುದು: "ಅಲ್ಲಪ್ಪಾ, ಎಲ್ಲರೂ ಒಂದೇ ಸಮ ಕೊಟ್ಟರೆ ಪ್ರಾಯದ ಹುಡುಗನಿಗೂ ನನ್ನಂಥ ಮುದುಕನಿಗೂ ಒಂದೇ ಲೆಕ್ಕವಾಯಿತಲ್ಲ, ಇದು ನಡೆಯುತ್ತದೆಯೇ?" ಪ್ರಶ್ನೆ ಸರಿಯಾದದ್ದು. ಈ ಏರ್ಪಾಡಿನ ದೋಷ ಇರುವುದು ಅಲ್ಲಿಯೇ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಸಾವಿರ ಜನರ ಸಂಘ, ಹೆಚ್ಚಿನವರು ಪ್ರಾಯದವರು. ವರ್ಷಕ್ಕೆ 8 ಜನ ಸತ್ತರೆ ಒಬ್ಬೊಬ್ಬನ ಪಾಲು ವರ್ಷಕ್ಕೆ 8 ಡಾಲರ್. ಇಪ್ಪತ್ತು ವರ್ಷ ಕಳೆಯಿತು. ಅದೇ ಜನರಿಗೆ ಈಗ ವಯಸ್ಸಾಗಿದೆ. ವರ್ಷಕ್ಕೆ 20 ಜನ ಸತ್ತರೆ ಪಾಲು 20 ಡಾಲರಿಗೆ ಏರುತ್ತದೆ. ಹೊಸದಾಗಿ ಸೇರಬೇಕೆಂದಿರುವ ಇಪ್ಪತ್ತೈದರ ಹುಡುಗ ಯೋಚಿಸುತ್ತಾನೆ: ನಾನು ಮೂವತ್ತು ನಲವತ್ತು ವರ್ಷ ಕೊಡಬೇಕು, ಐವತ್ತರಲ್ಲಿ ಸೇರಿದವನು ಹತ್ತಿಪ್ಪತ್ತು ವರ್ಷ ಕೊಟ್ಟರೆ ಸಾಕು, ಇಬ್ಬರ ಮನೆಗೂ ಬರುವುದು ಅದೇ ಸಾವಿರ. ಅವನು ಸೇರುವುದಿಲ್ಲ. ಇದ್ದ ಹುಡುಗರೂ ಒಬ್ಬೊಬ್ಬರಾಗಿ ಬಿಡುತ್ತಾರೆ. ಉಳಿದವರು ಮುದುಕರು. ಸಾವು ಹೆಚ್ಚು, ಕೊಡುವ ಕೈ ಕಡಿಮೆ. ಪಾಲು ಇನ್ನೂ ಏರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಇಪ್ಪತ್ತು ವರ್ಷ ತಪ್ಪದೆ ಕೊಟ್ಟ ಮುದುಕ ಸಾಯುವ ಹೊತ್ತಿಗೆ ಸಂಘವೇ ಇರುವುದಿಲ್ಲ.

ಅಮೆರಿಕದಲ್ಲಿ ಆ ಕಾಲದಲ್ಲಿ ಹುಟ್ಟಿದ ಇಂಥ ಎಷ್ಟೋ ಸಂಘಗಳು ಈ ಕಾರಣದಿಂದಲೇ ಮುಳುಗಿದವು. ಈ ಸಂಘ ಉಳಿದದ್ದು ಲೆಕ್ಕವನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡದ್ದರಿಂದ. ಸೇರುವಾಗಿನ ವಯಸ್ಸಿಗೆ ತಕ್ಕಂತೆ ಕಂತು ಗೊತ್ತುಮಾಡಿದರು. ಸಾವು ಬಂದಾಗ ಕೈ ಚಾಚುವುದನ್ನು ಬಿಟ್ಟು, ಮೊದಲೇ ಕಂತು ಕಟ್ಟಿಸಿಕೊಂಡು ಮೀಸಲು ನಿಧಿ ಕೂಡಿಸಿದರು. ಸುಗ್ಗಿಯಲ್ಲಿ ಕಣಜ ತುಂಬಿದವನಿಗೆ ಆಷಾಢದ ಚಿಂತೆ ಇಲ್ಲ ಎಂಬ ನಮ್ಮ ಒಕ್ಕಲುತನದ ಬುದ್ಧಿಯೇ ಇದು. ಇಂದು ಅದು ಪೂರ್ಣ ಪ್ರಮಾಣದ ಜೀವವಿಮೆಯಾಗಿ ನಡೆಯುತ್ತಿದೆ. ಸದಸ್ಯರಿಗೂ ಅವರ ಮನೆಯವರಿಗೂ ಅದು ವಾಗ್ದಾನ ಮಾಡಿರುವ ವಿಮೆಯ ಮೊತ್ತ 10,000 ಕೋಟಿ ಡಾಲರನ್ನೂ ಮೀರಿದೆ.

ಸಂಘದ ರಚನೆ

ಊರು ಅಥವಾ ಚರ್ಚಿಗೊಂದು ಶಾಖೆ. ಅದಕ್ಕೆ 'ಕೌನ್ಸಿಲ್' ಎಂದು ಹೆಸರು, ಪ್ರತಿಯೊಂದಕ್ಕೂ ಒಂದು ನಂಬರು. ಅದರ ಮುಖ್ಯಸ್ಥ 'ಗ್ರ್ಯಾಂಡ್ ನೈಟ್'. ಲೆಕ್ಕ ನೋಡಿಕೊಳ್ಳಲು ಹಣಕಾಸಿನ ಕಾರ್ಯದರ್ಶಿ. ಶಾಖೆಗಳ ಮೇಲೆ ರಾಜ್ಯಮಟ್ಟದ ಮಂಡಲಿ, ಅದರ ಮೇಲೆ ಸರ್ವೋಚ್ಚ ಮಂಡಲಿ. ವರ್ಷಕ್ಕೊಮ್ಮೆ ಎಲ್ಲ ಕಡೆಯ ಪ್ರತಿನಿಧಿಗಳು ಸೇರುವ ಮಹಾಸಭೆ. ಮುಖ್ಯ ಕಚೇರಿ ಇಂದಿಗೂ ನ್ಯೂ ಹೇವನ್ನಿನಲ್ಲಿದೆ. 18 ವರ್ಷ ತುಂಬಿದ ಕೆಥೊಲಿಕ್ ಗಂಡಸರು ಸದಸ್ಯರಾಗಬಹುದು. ದಾನ, ಐಕ್ಯ, ಸೋದರತ್ವ, ದೇಶಭಕ್ತಿ ಇವು ನಾಲ್ಕು ಅವರ ಮೂಲ ತತ್ವಗಳು. ಕೆನಡಾ, ಮೆಕ್ಸಿಕೋ, ಫಿಲಿಪ್ಪೀನ್ಸ್, ಪೋಲೆಂಡ್, ಉಕ್ರೇನ್ ಮುಂತಾದ ದೇಶಗಳಲ್ಲೂ ಶಾಖೆಗಳಿವೆ.

ಊರಿಗಾಗಿ ಮಾಡಿದ ಕೆಲಸ

ತಮ್ಮವರಿಗೆ ನೆರವಾಗುವುದು ಸಂಘದ ಮೊದಲ ಕೆಲಸವಾದರೂ ಅದು ಅಲ್ಲಿಗೇ ನಿಲ್ಲಲಿಲ್ಲ. ಮೊದಲನೆಯ ಮಹಾಯುದ್ಧಕ್ಕೆ 1917ರಲ್ಲಿ ಅಮೆರಿಕ ಇಳಿದಾಗ ಈ ಸಂಘದವರು ಸೈನ್ಯದ ಬಿಡಾರಗಳ ಬಳಿ, ದೇಶದೊಳಗೂ ಯೂರೋಪಿನಲ್ಲೂ, ಸಿಪಾಯಿಗಳಿಗಾಗಿ ವಿಶ್ರಾಂತಿಯ ಮನೆಗಳನ್ನು ಕಟ್ಟಿದರು. ಕಾಗದ ಬರೆಯಲು ಮೇಜು, ಓದಲು ಪತ್ರಿಕೆ, ಕುಡಿಯಲು ಬಿಸಿ ಕಾಫಿ, ಸಂಜೆಗೆ ಆಟಪಾಟ. "ಎಲ್ಲರಿಗೂ ಸ್ವಾಗತ, ಎಲ್ಲವೂ ಉಚಿತ" ಎಂಬರ್ಥದ ಫಲಕವನ್ನು ಅಲ್ಲಿ ಹಾಕಿದ್ದರು. ಕೆಥೊಲಿಕನೇ ಅಲ್ಲವೇ ಎಂದು ಯಾರನ್ನೂ ಕೇಳಲಿಲ್ಲ. ಆ ದೇಶದಲ್ಲಿ ಕರಿಯರಿಗೂ ಬಿಳಿಯರಿಗೂ ಕುಳಿತುಕೊಳ್ಳುವ ಜಾಗವೇ ಬೇರೆ ಬೇರೆಯಾಗಿದ್ದ ಕಾಲದಲ್ಲಿ, ಈ ಮನೆಗಳಲ್ಲಿ ಬಣ್ಣದ ಭೇದ ಮಾಡಲಿಲ್ಲವೆಂದು ಕರಿಯ ಸಿಪಾಯಿಗಳ ಯುದ್ಧಚರಿತ್ರೆಯನ್ನು 1919ರಲ್ಲಿ ಬರೆದ ಎಮೆಟ್ ಸ್ಕಾಟ್ ದಾಖಲಿಸಿದ್ದಾರೆ. ಯುದ್ಧ ಮುಗಿದ ಮೇಲೆ ಮನೆಗೆ ಮರಳಿದ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡುವ ಕಚೇರಿಗಳನ್ನೂ, ಕಸಬು ಕಲಿಸುವ ರಾತ್ರಿ ಶಾಲೆಗಳನ್ನೂ ನಡೆಸಿದರು.

ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಮನೆಯೊಳಗೆ ಬಚ್ಚಿಡುವುದು ಅಲ್ಲಿಯೂ ಇತ್ತು, ಇಲ್ಲಿಯೂ ಉಂಟು. 1968ರಲ್ಲಿ ಚಿಕಾಗೋ ನಗರದಲ್ಲಿ ಇಂಥವರಿಗಾಗಿಯೇ 'ಸ್ಪೆಷಲ್ ಒಲಿಂಪಿಕ್ಸ್' ಎಂಬ ಕ್ರೀಡಾಕೂಟ ಆರಂಭವಾಯಿತು. ಅಂದಿನಿಂದಲೂ ಸಂಘದ ಸದಸ್ಯರು ಅದಕ್ಕೆ ಹಣವನ್ನೂ ಕೈಕೆಲಸವನ್ನೂ ಕೊಡುತ್ತ ಬಂದಿದ್ದಾರೆ. ಇದಕ್ಕಾಗಿ ಅನೇಕ ಊರುಗಳಲ್ಲಿ ಸದಸ್ಯರು ಅಂಗಡಿ ಬೀದಿಯಲ್ಲಿ ನಿಂತು, ಬಂದವರಿಗೆ ಸಣ್ಣ ಮಿಠಾಯಿ ಕೊಟ್ಟು ಕೈಲಾದ ಕಾಸನ್ನು ಡಬ್ಬಿಗೆ ಹಾಕಿಸಿಕೊಳ್ಳುತ್ತಾರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಚಳಿಗಾಲದಲ್ಲಿ ಬಡ ಮಕ್ಕಳಿಗೆ ಉಣ್ಣೆಯ ಅಂಗಿ ಹಂಚುವುದು, ನಡೆಯಲಾರದವರಿಗೆ ಗಾಲಿಕುರ್ಚಿ ಕೊಡುವುದು, ಹಸಿದವರಿಗೆ ದವಸ ಕೂಡಿಸುವುದು ಇವು ಇಂದಿನ ಕೆಲಸಗಳು. ದವಸದ ಕೆಲಸಕ್ಕೆ ಒಂದು ಜಾಣತನದ ಕ್ರಮ ಇಟ್ಟಿದ್ದಾರೆ. ಊರಿನ ಶಾಖೆಯು 1,000 ಪೌಂಡ್, ಎಂದರೆ ಸುಮಾರು 450 ಕಿಲೋ ಆಹಾರವನ್ನು ಕೂಡಿಸಿ ಹಂಚಿದರೆ ಮುಖ್ಯ ಕಚೇರಿಯು 100 ಡಾಲರನ್ನು ಆ ಶಾಖೆಗೆ ಹಿಂದಿರುಗಿಸುತ್ತದೆ. ಮೊದಲು ಊರಿನವರು ದುಡಿಯಬೇಕು. ಮೇಲಿನ ಸಹಾಯ ಆಮೇಲೆ. ಶ್ರಮದಾನದ ರಸ್ತೆಗೂ ಶಾಲೆಯ ಕಟ್ಟಡಕ್ಕೂ ಊರಿನ ವಂತಿಗೆ ಮೊದಲು ಬರಲಿ ಎಂದು ನಮ್ಮಲ್ಲಿ ಹೇಳುತ್ತಿದ್ದದ್ದೂ ಇದನ್ನೇ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಮುಂತಾದ ಕಡೆ ಭಯೋತ್ಪಾದಕರ ದಾಳಿಯಾದಾಗ, ಜನರನ್ನು ಉಳಿಸಲು ಹೋಗಿ ಸತ್ತ ಪೊಲೀಸರು, ಬೆಂಕಿ ಆರಿಸುವ ದಳದವರು, ತುರ್ತು ಸೇವೆಯವರು ಇವರ ಕುಟುಂಬಗಳಿಗೆ ತಲಾ 3,000 ಡಾಲರುಗಳನ್ನು ತಡಮಾಡದೆ ಕೊಟ್ಟರು. ಸತ್ತವನು ಯಾವ ಮತದವನೆಂದು ವಿಚಾರಿಸಲಿಲ್ಲ. ಹಳೆಯ ಒಂದು ಡಾಲರಿನ ಲೆಕ್ಕದ ಹಿಂದಿದ್ದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿತು.

ನ್ಯಾಯಕ್ಕಾಗಿ ದನಿ

ಸಂಘಕ್ಕೆ ಎರಡು ಕೈಗಳಿರಬೇಕು. ಒಂದು ಕೊಡುವ ಕೈ, ಇನ್ನೊಂದು ಅಹವಾಲು ಹಿಡಿದು ಸರ್ಕಾರದ ಬಾಗಿಲು ತಟ್ಟುವ ಕೈ. ಕೆರೆಯ ತೂಬು ಕೆಟ್ಟರೆ ನೀರು ಹೊತ್ತು ಕೊಡುವುದು ದಾನ. ತೂಬನ್ನು ರಿಪೇರಿ ಮಾಡಿಸುವಂತೆ ಊರೊಟ್ಟಾಗಿ ಅರ್ಜಿ ಕೊಡುವುದು ದನಿ ಎತ್ತುವುದು. ಈ ಸಂಘ ಎರಡನೆಯದನ್ನೂ ಮಾಡಿದೆ.

1922ರಲ್ಲಿ ಓರೆಗಾನ್ ಎಂಬ ರಾಜ್ಯದಲ್ಲಿ ಜನಮತದ ಮೂಲಕ ಒಂದು ಕಾನೂನು ಬಂತು. 8ರಿಂದ 16 ವರ್ಷದ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗತಕ್ಕದ್ದು ಎಂಬುದು ಅದರ ಸಾರ. ಮೇಲೆ ನೋಡಿದರೆ ಒಳ್ಳೆಯದೆನಿಸುವ ಈ ಕಾನೂನಿನ ಹಿಂದೆ ಕರಿಯರನ್ನೂ ಯಹೂದ್ಯರನ್ನೂ ಕೆಥೊಲಿಕರನ್ನೂ ದ್ವೇಷಿಸುತ್ತಿದ್ದ 'ಕು ಕ್ಲಕ್ಸ್ ಕ್ಲಾನ್' ಎಂಬ ಗುಂಪು ಇತ್ತು. ಕೆಥೊಲಿಕ್ ಸಂನ್ಯಾಸಿನಿಯರು ನಡೆಸುತ್ತಿದ್ದ ಶಾಲೆಗಳನ್ನು ಮುಚ್ಚಿಸುವುದು ಅದರ ಗುರಿ. ಸಂನ್ಯಾಸಿನಿಯರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯದ ಖರ್ಚಿಗೆ ಈ ಸಂಘವು 10,000 ಡಾಲರ್ ಒದಗಿಸಿತು. 1925ರ ಜೂನ್ 1ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಮಕ್ಕಳನ್ನು ಯಾವ ಶಾಲೆಗೆ ಕಳುಹಿಸಬೇಕೆಂಬ ಆಯ್ಕೆ ತಂದೆತಾಯಿಗಳಿಗೆ ಉಂಟು ಎಂಬ ಈ ತೀರ್ಪು ಕೆಥೊಲಿಕರಿಗೆ ಮಾತ್ರವಲ್ಲದೆ ಎಲ್ಲ ಮತದವರಿಗೂ ರಕ್ಷೆಯಾಯಿತು.

ಅದೇ ಕಾಲದಲ್ಲಿ, ಅಮೆರಿಕವನ್ನು ಕಟ್ಟಿದವರು ಇಂಗ್ಲಿಷ್ ಮೂಲದವರು ಮಾತ್ರ ಎಂಬ ಮಾತು ಬಲವಾಗಿತ್ತು. ಅದಕ್ಕೆ ಉತ್ತರವಾಗಿ ಸಂಘವು ಒಂದು ಚರಿತ್ರೆಯ ಸಮಿತಿಯನ್ನು ನೇಮಿಸಿ, ಕರಿಯರು, ಯಹೂದ್ಯರು, ಜರ್ಮನರು ದೇಶಕ್ಕೆ ಮಾಡಿದ ಸೇವೆಯನ್ನು ಕುರಿತು ಪುಸ್ತಕಗಳನ್ನು ಬರೆಯಿಸಿತು. ಹೆಸರಾಂತ ಕರಿಯ ವಿದ್ವಾಂಸ ಡು ಬಾಯ್ಸ್ ಅವರ 'ದಿ ಗಿಫ್ಟ್ ಆಫ್ ಬ್ಲ್ಯಾಕ್ ಫೋಕ್' ಎಂಬ ಪುಸ್ತಕ 1924ರಲ್ಲಿ ಈ ಮಾಲೆಯಲ್ಲಿಯೇ ಬಂದದ್ದು.

ಇರಾಕ್ ದೇಶದಲ್ಲಿ 2014ರಲ್ಲಿ ಐಸಿಸ್ ಎಂಬ ಉಗ್ರರ ಗುಂಪು ಕ್ರೈಸ್ತರನ್ನೂ ಯಜೀದಿಗಳನ್ನೂ ಊರು ಬಿಡಿಸಿ ಕೊಂದಿತು. ಸಂಘವು ಅನ್ನ, ವಸತಿಗೆ ಹಣ ಕಳುಹಿಸಿತು. ಜೊತೆಗೆ ನಡೆದ ಅನ್ಯಾಯಕ್ಕೆ ಸಾಕ್ಷ್ಯಗಳನ್ನು ಕೂಡಿಸಿ 2016ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರಕ್ಕೆ ವರದಿ ಕೊಟ್ಟಿತು. ಅದೇ ತಿಂಗಳು ಸರ್ಕಾರವು ಇದು ಜನಾಂಗಹತ್ಯೆಯೆಂದು ಘೋಷಿಸಿತು. ಮರುವರ್ಷ ನಿನೆವೆ ಬಯಲಿನ ಕರಮ್ಲೇಶ್ ಎಂಬ ಊರಿನ ಜನ ಮತ್ತೆ ತಮ್ಮ ಮನೆಗಳಿಗೆ ಮರಳಲೆಂದು 20 ಲಕ್ಷ ಡಾಲರುಗಳನ್ನು ಸಂಘವು ಘೋಷಿಸಿತು.

ಸಂಘದ ಎಲ್ಲ ಅಹವಾಲುಗಳೂ ಎಲ್ಲರಿಗೂ ಒಪ್ಪಿಗೆಯಾದವಲ್ಲ. ಧ್ವಜವಂದನೆಯ ಪ್ರತಿಜ್ಞೆಯಲ್ಲಿ ದೇಶವು ದೇವರ ಅಧೀನದಲ್ಲಿದೆ ಎಂಬರ್ಥದ ಮಾತು ಸೇರಬೇಕೆಂದು ಅದು ಒತ್ತಾಯಿಸಿತು. 1954ರಲ್ಲಿ ಹಾಗೆಯೇ ಕಾನೂನಾಯಿತು. ದೇವರನ್ನು ನಂಬದವರು ಅದನ್ನು ಇಂದಿಗೂ ವಿರೋಧಿಸುತ್ತಾರೆ. ಗರ್ಭಪಾತವನ್ನೂ ಒಂದೇ ಲಿಂಗದವರ ವಿವಾಹವನ್ನೂ ವಿರೋಧಿಸಿ ಸಂಘವು ಬಹಳ ಹಣ ವೆಚ್ಚ ಮಾಡಿದೆ. ಈ ವಿಷಯಗಳಲ್ಲಿ ಆ ದೇಶದ ಜನ, ಕೆಥೊಲಿಕರೂ ಸೇರಿದಂತೆ, ಎರಡು ಭಾಗವಾಗಿದ್ದಾರೆ. ಕೊಲಂಬಸನ ಹೆಸರೂ ಈಗ ಚರ್ಚೆಗೆ ಬಂದಿದೆ. ಅವನ ಆಗಮನದಿಂದ ತಮ್ಮ ಹಿರಿಯರು ನಾಶವಾದರೆಂದು ಅಲ್ಲಿನ ಮೂಲನಿವಾಸಿಗಳು ಹೇಳುತ್ತಾರೆ.

ಬಾಗಿಲು ಮುಚ್ಚಿದ್ದು ಯಾರಿಗೆ?

ಈಗ ಹೇಳಲೇಬೇಕಾದ ಇನ್ನೊಂದು ಸಂಗತಿ. ಹೊಸ ಸದಸ್ಯನನ್ನು ಸೇರಿಸಿಕೊಳ್ಳುವಾಗ ಶಾಖೆಯಲ್ಲಿ ಗುಟ್ಟಾಗಿ ಮತ ಹಾಕುತ್ತಿದ್ದರು. ಒಪ್ಪಿಗೆಗೆ ಬಿಳಿ ಗೋಲಿ, ನಿರಾಕರಣೆಗೆ ಕಪ್ಪು ಗೋಲಿ. ಕೇವಲ ಐದು ಕಪ್ಪು ಗೋಲಿ ಬಿದ್ದರೂ ಸಾಕು, ಅರ್ಜಿ ತಿರಸ್ಕೃತ. ಕರಿಯರು ಸೇರಬಾರದೆಂಬ ನಿಯಮ ಬರಹದಲ್ಲಿ ಇರಲಿಲ್ಲ. ಆದರೆ ನೂರು ಜನ ಒಪ್ಪಿದರೂ ಐದು ಜನರ ಮನಸ್ಸಿನ ಕಲ್ಮಷ ಬಾಗಿಲನ್ನು ಮುಚ್ಚುತ್ತಿತ್ತು. ಯಾರು ಮುಚ್ಚಿದರೆಂಬುದೂ ತಿಳಿಯುತ್ತಿರಲಿಲ್ಲ.

ಹೀಗೆ ಹೊರಗುಳಿದ ಕರಿಯ ಕೆಥೊಲಿಕರು ಕೈಕಟ್ಟಿ ಕೂಡಲಿಲ್ಲ. 1909ರಲ್ಲಿ ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿ, ಕೆಲವು ಪಾದ್ರಿಗಳ ಜೊತೆ ಸೇರಿ 'ನೈಟ್ಸ್ ಆಫ್ ಪೀಟರ್ ಕ್ಲೇವರ್' ಎಂಬ ತಮ್ಮದೇ ಸಂಘ ಕಟ್ಟಿದರು. ಗುಲಾಮರ ಸೇವೆಯಲ್ಲಿ ಜೀವ ಸವೆಸಿದ ಸಂತನೊಬ್ಬನ ಹೆಸರು ಅದು. ಆ ಸಂಘ ಇಂದಿಗೂ ನಡೆಯುತ್ತಿದೆ.

ಕೊಲಂಬಸ್ ಸಂಘದಲ್ಲಿ ತಿದ್ದುಪಡಿ ಬರಲು 1964ರವರೆಗೆ ಕಾಯಬೇಕಾಯಿತು. ಆ ವರ್ಷ ನ್ಯೂ ಆರ್ಲಿಯನ್ಸ್ ನಗರದಲ್ಲಿ ಮಹಾಸಭೆ. ಅಲ್ಲಿನ ಹೋಟೆಲಿನಲ್ಲಿ ಕರಿಯರನ್ನು ಸೇರಿಸುತ್ತಿರಲಿಲ್ಲ. ಆಗಿನ ಮುಖ್ಯಸ್ಥ ಜಾನ್ ಮೆಕ್‌ಡೆವಿಟ್, ಹಾಗಾದರೆ ಸಭೆಯನ್ನೇ ಬೇರೆಡೆಗೆ ಒಯ್ಯುತ್ತೇವೆಂದರು. ಹೋಟೆಲಿನವರು ತಮ್ಮ ಕ್ರಮವನ್ನು ಬದಲಿಸಿದರು. ಅದೇ ಸಭೆಯಲ್ಲಿ ಐದು ಗೋಲಿಯ ನಿಯಮ ಹೋಗಿ, ಮತ ಹಾಕಿದವರಲ್ಲಿ ಮೂರರಲ್ಲೊಂದು ಭಾಗ ಬೇಡವೆಂದರೆ ಮಾತ್ರ ನಿರಾಕರಣೆ ಎಂದಾಯಿತು. 1972ರಲ್ಲಿ ಅದೂ ಹೋಗಿ, ಅರ್ಧಕ್ಕಿಂತ ಹೆಚ್ಚು ಜನ ಬೇಡವೆನ್ನಬೇಕೆಂದಾಯಿತು. ಯುದ್ಧದ ಬಿಡಾರದಲ್ಲಿ ಎಲ್ಲರಿಗೂ ಸ್ವಾಗತವೆಂದು ಫಲಕ ಹಾಕಿದ ಸಂಘಕ್ಕೆ ತನ್ನ ಮನೆಯ ಬಾಗಿಲನ್ನು ಹಾಗೆಯೇ ತೆರೆಯಲು ಇಷ್ಟು ಕಾಲ ಹಿಡಿಯಿತು. ಹೊರಗಿನವರಿಗೆ ದಾನ ಮಾಡುವುದು ಸುಲಭ. ಪಕ್ಕದವನನ್ನು ಸಮನೆಂದು ಪಂಕ್ತಿಯಲ್ಲಿ ಕೂಡಿಸಿಕೊಳ್ಳುವುದು ಕಷ್ಟ. ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ನಾವು ತಿಳಿಯಬೇಕಾದ್ದು

ಸಂಘ ಕಟ್ಟುವುದು ನಮಗೆ ಹೊಸದಲ್ಲ. 1905ರಲ್ಲಿಯೇ ಗದಗದ ಬಳಿಯ ಕಣಗಿನಹಾಳದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಈಗ ಊರೂರಿಗೂ ಹಾಲಿನ ಸಂಘ, ಸ್ವಸಹಾಯ ಗುಂಪುಗಳಿವೆ. ಮೇಲಿನ ವೃತ್ತಾಂತದಿಂದ ಇವುಗಳಿಗೆ ಅನ್ವಯಿಸುವ ಕೆಲವು ಮಾತುಗಳನ್ನು ಹೀಗೆ ಕ್ರೋಡೀಕರಿಸಬಹುದು:

1. ನೆರವು ಹಕ್ಕಾಗಿರಲಿ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಮೊದಲೇ ಬರೆದಿಡಬೇಕು. ಕಷ್ಟ ಬಂದಾಗ ವಿಧವೆಯು ಯಾರ ಮನೆಯ ಜಗಲಿಯ ಮೇಲೂ ಕಾಯುವಂತಾಗಬಾರದು.

2. ಲೆಕ್ಕವು ಸದ್ಭಾವನೆಗಿಂತ ದೊಡ್ಡದು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸಂಘವೂ ತಪ್ಪು ಲೆಕ್ಕದಿಂದ ಮುಳುಗುತ್ತದೆ. ಊರಿನ ಚೀಟಿಯಾಗಲಿ, ಮರಣನಿಧಿಯಾಗಲಿ, ಇಪ್ಪತ್ತು ವರ್ಷದ ಮೇಲೆ ಏನಾದೀತೆಂದು ಇಂದೇ ಕೇಳಬೇಕು. ಮೀಸಲು ನಿಧಿ ಇಲ್ಲದ ನಿಧಿಯನ್ನು ನಂಬಬಾರದು.

3. ಕಟ್ಟಿದವರೇ ಕುರ್ಚಿಯಲ್ಲಿ ಕೂಡಬೇಕೆಂದಿಲ್ಲ. ಮೆಕ್‌ಗಿವ್ನಿಯವರು ಇದ್ದದ್ದು ಎಂಟು ವರ್ಷ. ಸಂಘ ನಡೆದದ್ದು ನೂರನಲವತ್ತು ವರ್ಷಕ್ಕೂ ಮೇಲೆ.

4. ಕೊಡುವುದರ ಜೊತೆಗೆ ಕೇಳುವುದನ್ನೂ ಕಲಿಯಬೇಕು. ಸಾಕ್ಷ್ಯ, ದಾಖಲೆಗಳೊಡನೆ ಸಂಘವಾಗಿ ಕೇಳಿದ್ದಕ್ಕೆ ಬರುವ ಉತ್ತರವೇ ಬೇರೆ. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ.

5. ಐದು ಜನರ ಗುಟ್ಟಿನ ಗೋಲಿಗೆ ಊರಿನ ಸಂಘವನ್ನು ಒಪ್ಪಿಸಬಾರದು. ನಮ್ಮ ಗುಂಪಿನಲ್ಲಿ ಯಾವ ಕೇರಿಯವರು ಇಲ್ಲ, ಏಕೆ ಇಲ್ಲ ಎಂದು ವರ್ಷಕ್ಕೊಮ್ಮೆ ಸಭೆಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಕೈಗೆ ಹತ್ತಿರದ ಒಂದು ಕೆಲಸ. 2015ರಿಂದ ಬ್ಯಾಂಕು, ಅಂಚೆ ಕಚೇರಿಗಳ ಖಾತೆಯ ಮೂಲಕ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ನಡೆಯುತ್ತಿದೆ. 18ರಿಂದ 50 ವರ್ಷದವರು ಸೇರಬಹುದು. 2022ರಲ್ಲಿ ಗೊತ್ತಾದ ಕಂತು ವರ್ಷಕ್ಕೆ 436 ರೂಪಾಯಿ. ಸದಸ್ಯನು ಸತ್ತರೆ ಮನೆಗೆ 2 ಲಕ್ಷ ರೂಪಾಯಿ. ಸೇರಿದ್ದೇವೆಂದು ತಿಳಿದು ಸುಮ್ಮನಿರುವವರು ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು. ಕಂತು ಕಡಿತವಾಗುವ ಮೇ ತಿಂಗಳ ಕೊನೆಗೆ ಖಾತೆಯಲ್ಲಿ ಹಣ ಇದೆಯೇ? ನಾಮಿನಿಯ ಹೆಸರು ಸರಿಯಾಗಿ ಬರೆದಿದೆಯೇ? ಪಾಸ್‌ಬುಕ್ ಎಲ್ಲಿದೆ, ವಿಮೆ ಉಂಟೆಂಬುದು ಮನೆಯಾಕೆಗೆ ಗೊತ್ತೇ? ಎಷ್ಟೋ ಮನೆಗಳಲ್ಲಿ ಗಂಡನಿಗೆ ಮಾತ್ರ ಗೊತ್ತಿರುತ್ತದೆ, ಅವನು ಹೋದ ಮೇಲೆ ಕೇಳಿಕೊಂಡು ಬರುವವರೇ ಇರುವುದಿಲ್ಲ. ಈ ಪತ್ರಿಕೆಯನ್ನು ಓದಿ ಮಡಿಸಿಡುವ ಮೊದಲು ಆ ಪಾಸ್‌ಬುಕ್ಕನ್ನು ತೆಗೆದು, ಮನೆಯಾಕೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಒಮ್ಮೆ ನೋಡಿರಿ.

— ಗ್ರಾಮಸೇವಕ